ದಂಡೆ ಪುಸ್ತಕದ ಹನ್ನೊಂದು ಹಾಳೆ

ಹೊರಗಿನ ಬೆಂಚಿನ ಮೇಲೆ ಕೂತ ಹೆಂಗಸು ತನ್ನನ್ನೇ ಹುಡುಕಿಕೊಂಡು ಬಂದವಳು ಎಂಬುದು ಸಂಘರತ್ನನಿಗೆ ಅವಳು ಚಪ್ಪಲಿ ಬಿಡುವಾಗಲೇ ತಿಳಿದುಹೋಗಿತ್ತು. ಆದರೂ ಏಳಲಿಲ್ಲ. ಪರದೆಯ ಮೇಲಿದ್ದ ಹಳೆಯ ಹಾಳೆಯ ಚಿತ್ರವನ್ನು ದೊಡ್ಡದು ಮಾಡಿದ, ಚಿಕ್ಕದು ಮಾಡಿದ, ಮತ್ತೆ ದೊಡ್ಡದು ಮಾಡಿದ. ಹುಮನಾಬಾದಿನ ಬಸ್ ನಿಲ್ದಾಣದ ಹಿಂದಿನ ಈ ಎರಡು ಕೋಣೆಗಳ ಕಚೇರಿಗೆ ಹೊರಗಿನವರು ಬರುವುದೇ ಇಲ್ಲ. ಎಲ್ಲೆಲ್ಲಿಯದೋ ಸರ್ಕಾರಿ ದಫ್ತರಗಳ ಫೋಟೋಗಳು ಇಲ್ಲಿಗೆ ಬರುತ್ತವೆ. ಐದಾರು ಮಂದಿ ಸಾಲಾಗಿ ಕೂತು ಅವುಗಳಲ್ಲಿ ಇರುವುದನ್ನು ಟೈಪು ಮಾಡಿ ಕಳಿಸುತ್ತಾರೆ. ಹಿಂದಿನ ಗುಮಾಸ್ತರು ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಮೋಡಿ ಎಂಬ ಹಳೆಯ ಲಿಪಿಯ ಹಾಳೆಗಳೆಲ್ಲ ಸಂಘರತ್ನನ ಪಾಲು. ಸುತ್ತ ನಾಲ್ಕು ತಾಲೂಕಿನಲ್ಲಿ ಅದನ್ನು ಓದಬಲ್ಲವರು ಇಬ್ಬರೇ: ಒಬ್ಬ ತಾನು, ಇನ್ನೊಬ್ಬರು ತನಗೆ ಕಲಿಸಿದ ಬಸವಕಲ್ಯಾಣದ ಗುಲಾಮ್ ರಸೂಲ್ ಉಸ್ತಾದರು. ದಿನಕ್ಕೆ ನಲವತ್ತು ಹಾಳೆ ಆಗಬೇಕು. ಹತ್ತೂವರೆಯಾದರೂ ಇವತ್ತು ಆದದ್ದು ಎರಡೇ. ಗಾಜಿನಾಚೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನರೆತ ಕೂದಲ ಸಣ್ಣ ತುರುಬು, ಅದರಲ್ಲಿ ಬಾಡಿದ ಅಬ್ಬಲಿಗೆ. ಹೋದ ವಾರ ಕಡಲ ಕಡೆಯಿಂದ ಕಚೇರಿಗೆ ಫೋನು ಬಂದಿತ್ತು, ದಂಡೆ ಪುಸ್ತಕ ಓದಿದವರು ಯಾರು ಅಂತ ಕೇಳುತ್ತಿದ್ದರು ಎಂದು ಮೇಲ್ವಿಚಾರಕ ಅಜೀತ ಊಟದ ಹೊತ್ತಿನಲ್ಲಿ ಹೇಳಿದ್ದ. ಆವತ್ತಿನಿಂದ ಸಂಘರತ್ನನಿಗೆ ಅನ್ನ ಇಳಿದಿರಲಿಲ್ಲ.

ಅವನು ಸಮುದ್ರ ಕಂಡವನಲ್ಲ. ಹುಟ್ಟಿದ ಬೇಮಳಖೇಡದ ಕೆರೆ, ಮತ್ತೆ ಒಮ್ಮೆ ನೆಂಟರ ಜೊತೆ ಹೋಗಿ ನೋಡಿದ ಕಾರಂಜಾ ಅಣೆಕಟ್ಟಿನ ಹಿನ್ನೀರು, ಇಷ್ಟೇ ಅವನು ಕಂಡ ದೊಡ್ಡ ನೀರು. ಎರಡು ವರ್ಷದ ಹಿಂದೆ ಆ ಪುಸ್ತಕದ ಚಿತ್ರಗಳು ಬಂದಾಗ ಮೊದಲ ದಿನವೆಲ್ಲ ಹುಡುಗನಂತೆ ಹಿಗ್ಗಿದ್ದ. ಇಂಗ್ಲಿಷರ ಕಾಲದಲ್ಲಿ ಯಾವುದೋ ಬಂದರು ಕಚೇರಿಯ ಗುಮಾಸ್ತ ಬರೆದಿಟ್ಟದ್ದು. ಯಾವ ಮನೆಯವರು ದೋಣಿಯನ್ನು ಎಲ್ಲಿ ಎಳೆದು ಹಾಕಬೇಕು, ಬಲೆ ಎಲ್ಲಿ ಹರವಬೇಕು, ಮೀನು ಎಲ್ಲಿ ಒಣಗಿಸಬೇಕು ಎಂದು ಕೇರಿ ಕೇರಿಯ ಲೆಕ್ಕದಲ್ಲಿ ದಂಡೆಯನ್ನು ಹಂಚಿದ ಪುಸ್ತಕ. ಓದುತ್ತ ಓದುತ್ತ ಅವನಿಗೆ ಆ ಗುಮಾಸ್ತನ ಕೈಯ ಪರಿಚಯವಾಗಿತ್ತು. ಅಕ್ಷರ ಓದಬ್ಯಾಡ, ಬರದವನ ಕೈ ಓದು ಎನ್ನುತ್ತಿದ್ದರು ಉಸ್ತಾದರು. ಆ ಗುಮಾಸ್ತ ಅವಸರದವನು, ಊಟದ ನಂತರ ಅವನ ಸಾಲುಗಳು ಕೆಳಕ್ಕೆ ಜಾರುತ್ತಿದ್ದವು. ನೂರ ಎಪ್ಪತ್ತು ಹಾಳೆ ಚೆನ್ನಾಗಿ ನಡೆದವು. ಆಮೇಲೆ ಆ ಹನ್ನೊಂದು ಬಂದವು. ಉಪ್ಪು ನೀರು ಕುಡಿದು, ಒಣಗಿ, ಬೂದಿಯ ಬಣ್ಣಕ್ಕೆ ತಿರುಗಿದ ಹಾಳೆಗಳು.

ಆವತ್ತು ಸಂಜೆ ಬಸವಕಲ್ಯಾಣದಲ್ಲಿ ಅವನಿಗೆ ಸನ್ಮಾನವಿತ್ತು. ಮೋಡಿ ಬಲ್ಲ ಅಪರೂಪದವರು ಎಂದು ಒಂದು ಸಂಘದವರು ಶಾಲು ಹೊದಿಸುವವರಿದ್ದರು. ಒಂದೂವರೆಯ ಬಸ್ಸು ಹಿಡಿಯಬೇಕು, ಅದಕ್ಕೆ ಮೊದಲು ಮನೆಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತೊಡಬೇಕು. ಹೆಸರಿನ ಅಂಕಣವನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗಗೊಡುವುದಿಲ್ಲ. ‘ಓದಲಾಗಿಲ್ಲ’ ಎಂದು ಹಾಕಿದರೆ ಹಾಳೆ ಪರಿಶೀಲನೆಗೆ ಹೋಗಿ ವಾಪಸು ಬರುತ್ತದೆ, ಆ ದಿನದ ಎಣಿಕೆಗೆ ಸೇರುವುದಿಲ್ಲ. ‘ಹೆಸರಿಲ್ಲ’ ಎಂದರೆ ಯಾರೂ ಕೇಳುವುದಿಲ್ಲ, ಹಳೆಯ ದಫ್ತರಗಳಲ್ಲಿ ಎಷ್ಟೋ ಅಂಕಣಗಳು ನಿಜವಾಗಿಯೂ ಖಾಲಿ ಇರುತ್ತವೆ. ಅವನು ಮೊದಲನೆಯ ಹಾಳೆಯನ್ನು ದೊಡ್ಡದು ಮಾಡಿ ನೋಡಿದ್ದ. ನೋಡಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಈ ಎರಡು ವರ್ಷ ಪ್ರಯತ್ನಿಸಿದ್ದರೂ ನೋಡಿದ್ದ. ಬೂದಿಯೊಳಗಿಂದ ಒಂದು ಗೆರೆ ಬಾಗಿ ಎದ್ದು ‘ಸ’ ಆಯಿತು, ಅದರ ಬಾಲದಲ್ಲಿ ‘ಣ್ಣು’. ಸಣ್ಣು. ಮುಂದೆ ಅರ್ಧ ಗಂಟೆ ಕೂತರೆ ತಂದೆಯ ಹೆಸರೂ ಏಳುತ್ತದೆ ಎಂದು ಗೊತ್ತಾಗುವಂತಿತ್ತು. ಎದ್ದಿತ್ತು ಕೂಡ, ಬೊಮ್ಮ. ಅಷ್ಟರಲ್ಲಿ ಹನ್ನೆರಡು ಮುಕ್ಕಾಲು. ಅವನು ‘ಹೆಸರಿಲ್ಲ’ ಎಂದು ಒಂದು ಸಲ ಟೈಪು ಮಾಡಿ, ಅದನ್ನೇ ಎತ್ತಿ ಎತ್ತಿ ಹನ್ನೊಂದು ಹಾಳೆಗೂ ಅಂಟಿಸಿದ. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಕೊನೆಗೆ, ಪೂರ್ತಿ ಓದಿದ್ದೇನೆ ಎಂಬಲ್ಲಿ ತನ್ನ ಹೆಸರು ಒತ್ತಿದ. ಸಂಜೆ ವೇದಿಕೆಯ ಮೇಲೆ ಅವನ ಹೆಸರನ್ನು ತಂದೆಯ ಹೆಸರಿನ ಸಮೇತ ತಪ್ಪಿಲ್ಲದೆ ಕೂಗಿದರು. ಬೇರೆ ಯಾರಿಗೋ ಶಾಲು ಹೊದಿಸುತ್ತಿದ್ದಾಗಲೂ ಮುಂದಿನ ಸಾಲಿನಲ್ಲಿ ಕೂತ ಉಸ್ತಾದರು ಕಣ್ಣು ಸರಿಯಾಗಿ ಕಾಣದೆ ಇವನೇ ಎಂದುಕೊಂಡು ಚಪ್ಪಾಳೆ ತಟ್ಟಿದ್ದರು. ಸಂಘರತ್ನ ಆ ಸಂಜೆಯೆಲ್ಲ ಸುಖವಾಗಿದ್ದ. ಅದನ್ನೂ ಅವನು ಮರೆತಿಲ್ಲ.

“ಕಾಕಾ, ನಿಮ್ಮನ್ನ ಕೇಳಾಕತ್ತಾರ ನೋಡ್ರಿ,” ಎಂದು ಅಜೀತ ಅವಳನ್ನು ಒಳಗೆ ಕರೆತಂದ. ಅಜೀತನಿಗೆ ಇಪ್ಪತ್ತೆಂಟು; ಕೆಲಸದಲ್ಲಿ ಮೇಲಿನವನಾದರೂ ಕಾಕಾ ಎನ್ನುವುದನ್ನು ಬಿಟ್ಟವನಲ್ಲ.

ಹೆಂಗಸು ಕುರ್ಚಿಯ ತುದಿಯಲ್ಲಿ ಕೂತಳು. ಅರವತ್ತು ದಾಟಿರಬಹುದು. “ನಾನು ಮೀನಾ ಹರಿಕಂತ್ರ. ಅಂಕೋಲೆ ಬದಿಯ ಕಡವಿನಬೇಣದವಳು. ಪುಸ್ತಕ ಓದಿದ್ದು ನೀವೇ ಹೌದ್ರಾ?” ಎಂದಳು. ಅವನು ತಲೆಯಾಡಿಸಿದ. ಅವಳು ಚೀಲದಿಂದ ಮೊದಲು ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಅವನ ಮುಂದಿಟ್ಟಳು. ಒಣ ಸಿಗಡಿ. “ಬರಿಗೈಲಿ ಹ್ಯಾಂಗೆ ಬರೂದು ಅಂತ,” ಎಂದಳು. ಆಮೇಲೆ ಕಾಗದಗಳನ್ನು ಬಿಚ್ಚಿದಳು. ಹನ್ನೊಂದು ಹಾಳೆ, ಅವನು ಟೈಪು ಮಾಡಿದ್ದರ ಪ್ರತಿ, ಪ್ರತಿಯೊಂದರ ಮೇಲೂ ದುಂಡನೆಯ ಸರ್ಕಾರಿ ಮೊಹರು. ಒಂದರ ಕೆಳಗೊಂದು ಹೆಸರಿಲ್ಲ, ಹೆಸರಿಲ್ಲ, ಹೆಸರಿಲ್ಲ.

“ಬೇರೆ ಕೇರಿಯವ್ರ ಹೆಸರೆಲ್ಲ ಇದೆ. ನಮ್ಮ ಕೇರಿ ಬಂದಕೂಡ್ಲೆ ಹಿಂಗೆ. ದೊಡ್ಡ ಬೋಟು ನಿಲ್ಸಲಿಕ್ಕೆ ಅಲ್ಲಿ ಹೊಸ ಧಕ್ಕೆ ಕಟ್ತಾರಂತೆ. ದಾಖಲೆಲಿ ಹೆಸರಿದ್ದವ್ರಿಗೆ ಬೇರೆ ಜಾಗ ಕೊಡ್ತ್ರು. ನಾವು ನಲವತ್ತಾರು ಮನೆಯವ್ರು ಅತಿಕ್ರಮಣ ಮಾಡ್ದವ್ರಂತೆ. ಗುರುವಾರ ಕಡೇ ವಿಚಾರಣೆ.” ಅವಳು ಬೆರಳಿನಿಂದ ಒಂದು ಸಾಲನ್ನು ಮುಟ್ಟಿದಳು. “ನಮ್ಮ ಹಿರೇರಿಗೆ ಹೆಸರೇ ಇರ್ಲಿಲ್ವಾ ಅಂತ ಕೇಳ್ಳಿಕ್ಕೆ ಬಂದೆ.”

“ಹಾಳಿ ಉಪ್ಪನೀರಾಗ ಕೆಟ್ಟ ಹೋಗಿದ್ವು ಅಕ್ಕಾರ,” ಎಂದ ಸಂಘರತ್ನ. ಸ್ವರ ತನ್ನದಲ್ಲದಷ್ಟು ನೆಟ್ಟಗೆ ಬಂತು. “ಏನೂ ಓದಾಕ ಬರತಿದ್ದಿಲ್ಲ.”

ಹೇಳಿ ಮುಗಿಸಿದ ಮೇಲೆ, ಇಷ್ಟು ಸುಲಭವೇ ಎನಿಸಿತು. ಅಜೀತ ಬಾಗಿಲಲ್ಲಿ ನಿಂತೇ ವಿವರಿಸಿದ: ಅಸಲು ಪುಸ್ತಕ ಫೋಟೋ ತೆಗೆದ ಮೇಲೆ ಅಲ್ಲಿಯೇ ನಾಶವಾಗಿದೆ, ಹುಳ ಹತ್ತಿತ್ತಂತೆ, ಪತ್ರ ಇದೆ. ದೊಡ್ಡ ಫೋಟೋಗಳನ್ನು ಕೆಲಸ ಒಪ್ಪಿಸಿದ ಮೇಲೆ ಅಳಿಸುವುದು ನಿಯಮ, ಅಳಿಸಿದ್ದಾರೆ. ಅಂಗೈಯಗಲದ ಸಣ್ಣ ಪ್ರತಿಗಳು ಇದ್ದಾವೆ, ಬೇಕಿದ್ದರೆ ಮುದ್ರಿಸಿ ಕೊಡಬಹುದು. ಹೆಂಗಸು ಬೇಕು ಎಂದಳು. ಮುದ್ರಿಸಿ ಬಂದ ಹಾಳೆಗಳಲ್ಲಿ ಬೂದು ಬಣ್ಣ ಬಿಟ್ಟು ಏನೂ ಇರಲಿಲ್ಲ. ಅವಳು ಅವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡುತ್ತಿದ್ದಳು. ಅದನ್ನು ನೋಡಲಾಗದೆ ಸಂಘರತ್ನ, “ಬಸವಕಲ್ಯಾಣದಾಗ ನಮ್ಮ ಉಸ್ತಾದ್ ಅದಾರ. ಅವರಿಗಿ ತೋರಿಸಿ ನೋಡಮು,” ಎಂದುಬಿಟ್ಟ. ಅವಳನ್ನು ಇಲ್ಲಿಂದ ಎಬ್ಬಿಸುವುದಕ್ಕೆ ಹೇಳಿದ ಮಾತು. ಅವಳು ಆಗಲೇ ಎದ್ದು ನಿಂತಿದ್ದಳು.

ಬಸ್ಸಿನಲ್ಲಿ ಸಿಗಡಿಯ ಪೊಟ್ಟಣ ಅವನ ತೊಡೆಯ ಮೇಲಿನ ಚೀಲದಲ್ಲಿತ್ತು. ಊರು ದಾಟುವುದರೊಳಗೆ ವಾಸನೆ ಎದ್ದಿತು. ಮುಂದಿನ ಸೀಟಿನ ಮುದುಕಿ ಸೆರಗು ಮೂಗಿಗೆ ಹಿಡಿದು ಹಿಂದೆ ತಿರುಗಿದಳು. ಯಾರೋ ಕಿಟಕಿ ತೆಗೆಯಿರಿ ಎಂದರು. ಕಂಡಕ್ಟರ್ ಬಂದು, “ಯಾರದ್ರೀ ಇದು? ಮಂದಿ ಕೂಡಬೇಕೋ ಬ್ಯಾಡೋ?” ಎಂದು ಇವನನ್ನೇ ನೋಡಿದ. ಸಂಘರತ್ನ ಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡು ಹೊರಗೆ ತೊಗರಿ ಹೊಲ ನೋಡಿದ. ಅವನ ಮನೆಯಲ್ಲಿ ಮೀನು ನಿಷಿದ್ಧವೇನಲ್ಲ. ಆದರೆ ಹತ್ತು ಮಂದಿಯ ನಡುವೆ ಮೂಗು ಮುಚ್ಚಿಕೊಂಡು ತನ್ನತ್ತ ತಿರುಗಿದ ಮುಖ ಅವನಿಗೆ ಹೊಸದಾಗಿರಲಿಲ್ಲ. ಬೇಮಳಖೇಡದ ಶಾಲೆಯಲ್ಲಿ, ಹೋಟೆಲಿನ ಹೊರಗೆ, ಅಂಥ ಮುಖಗಳನ್ನು ತಪ್ಪಿಸಿಕೊಳ್ಳುವುದಕ್ಕೇ ಇಷ್ಟು ದೂರ ಬಂದಿದ್ದ. “ನಂದು,” ಎಂದಳು ಮೀನಾ ಪಕ್ಕದಿಂದ. ಅವನ ಕೈ ಸರಿಸಿ ಪೊಟ್ಟಣವನ್ನು ತೆಗೆದು, ತನ್ನ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಕಂಡಕ್ಟರ್ ಗೊಣಗುತ್ತ ಹೋದ. ಅವಳು ಇವನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಅಜ್ಜನ ಹೆಸರು ಹುಡುಕುವುದಕ್ಕೆಂದೇ ಅವನು ಮೋಡಿ ಕಲಿತದ್ದು. ತಹಸೀಲಿಯ ದಫ್ತರ ಕೋಣೆಯಲ್ಲಿ ಕಟ್ಟು ಹೊರುವ ಕೆಲಸಕ್ಕಿದ್ದಾಗ, ಅರ್ಜಿ ಬರೆಯುತ್ತ ಕಟ್ಟೆಯ ಮೇಲೆ ಕೂರುತ್ತಿದ್ದ ಗುಲಾಮ್ ರಸೂಲರು, ಹೊತ್ತದ್ದು ಏನೆಂದು ತಿಳಿಯದೆ ಹೊರುವುದು ಕತ್ತೆಯ ಕೆಲಸ, ಬಾ ಇಲ್ಲಿ ಎಂದು ಕರೆದಿದ್ದರು. ಏಳು ತಿಂಗಳು ಮಧ್ಯಾಹ್ನದ ಬಿಡುವಿನಲ್ಲಿ ಕಲಿತ. ಆಮೇಲೆ ಒಂದು ದಿನ ಬೇಮಳಖೇಡದ ಹಳೆಯ ಕಟ್ಟು ಸಿಕ್ಕಿತು. ಗೌಡ, ಕುಲಕರ್ಣಿ, ಬಡಿಗ, ಕಂಬಾರ, ಎಲ್ಲರಿಗೂ ಹೆಸರಿತ್ತು, ತಂದೆಯ ಹೆಸರಿತ್ತು. ತನ್ನ ಓಣಿಯ ಮುಂದೆ ಬರೆದಿತ್ತು: ಇಸಮು ಮೂರು. ಮೂರು ಆಳು, ಅಷ್ಟೇ. ಅದನ್ನು ಓದಿ ಅವನು ಉಸ್ತಾದರ ಮುಂದೆ ಅತ್ತಿದ್ದ. ಆಗ ಇಪ್ಪತ್ತಾರು ವಯಸ್ಸು. ಈಗ ಐವತ್ತೆರಡು. ರಸ್ತೆಯ ಬದಿಯ ಮೈಲಿಗಲ್ಲುಗಳನ್ನು ಎಣಿಸುತ್ತ ಅವನು, ಹಾಗೆ ಬರೆದಿಟ್ಟ ಕುಲಕರ್ಣಿಗೂ ಅವತ್ತು ಎಲ್ಲಿಗೋ ಹೋಗುವ ಅವಸರವಿತ್ತೇನೋ ಎಂದು ಯೋಚಿಸಿದ. ಯೋಚಿಸಿ ತನ್ನ ಮೇಲೇ ಹೇಸಿಕೆಯಾಯಿತು.

ಕೋಟೆಯ ಹತ್ತಿರದ ಸಂದಿಯಲ್ಲಿ ಉಸ್ತಾದರ ಮನೆ. ಮಗಳು ಕುಲ್ಸುಮ್ ಬೀ ಬಾಗಿಲು ತೆರೆದು, “ಎರಡ ವರ್ಷ ಆತು ನೀವು ಬಂದು,” ಎಂದಳು. ಗುಲಾಮ್ ರಸೂಲರು ಕಿಟಕಿಯ ಕೆಳಗೆ ಮಂಚದ ಮೇಲೆ ಕೂತಿದ್ದರು. ಕಣ್ಣು ತೆರೆದೇ ಇದ್ದವು, ಆದರೆ ಇವನು ನಿಂತದ್ದು ಬಲಕ್ಕೆ, ಅವರು ನೋಡಿದ್ದು ಎಡಕ್ಕೆ. “ಬಾ ಬೇಟಾ. ಈಗ ಹಗಲು ಅದನೋ ರಾತ್ರಿ ಅದನೋ, ಅಷ್ಟ ತಿಳೀತದ ನನಗ.” ಹಾಗಿದ್ದೂ ಹಾಳೆಗಳನ್ನು ಕೇಳಿ ತೆಗೆದುಕೊಂಡರು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಆಮೇಲೆ ತೊಡೆಯ ಮೇಲೆ ಹರವಿ, ಬೆರಳ ತುದಿಯಿಂದ ಮೇಲಿನಿಂದ ಕೆಳಗೆ ಸವರತೊಡಗಿದರು. ಮೀನಾ ನೆಲದ ಮೇಲೆ ಕೂತು ಆ ಬೆರಳನ್ನೇ ನೋಡುತ್ತಿದ್ದಳು. ಹನ್ನೊಂದನ್ನೂ ಸವರಿದರು, ಒಂದನ್ನೂ ಬಿಡಲಿಲ್ಲ.

“ಅಸಲ ಕಾಗಜ ಇದ್ದಿದ್ರ ಬರದ ಟಾಕಿನ ಮೊನಿ ಗೀರು ಕೈಗಿ ಹತ್ತತಿತ್ತು,” ಎಂದರು ಕೊನೆಗೆ. “ಇದು ನುಣ್ಣಗ ಅದ. ಇದರಾಗ ಏನೂ ಇಲ್ಲ.” ಹಾಳೆಗಳನ್ನು ಜೋಡಿಸಿ ಹಿಂದಕ್ಕೆ ಚಾಚಿದರು. ಕೈ ಹಾಗೇ ಇಟ್ಟುಕೊಂಡು, “ಆವತ್ತ ದೊಡ್ಡ ಫೋಟೋ ಇತ್ತಲ್ಲ ನಿನ್ನ ಮುಂದ. ಒಂದ ಅಕ್ಷರನೂ ಏಳಲಿಲ್ಲ?” ಎಂದರು.

“ಇಲ್ಲ ಉಸ್ತಾದ್.”

ಮುದುಕರು ಮೀನಾ ಕೂತ ದಿಕ್ಕನ್ನು ಅಂದಾಜು ಮಾಡಿ ತಿರುಗಿದರು. “ಹಂಗಿದ್ರ ಬಿಡವ್ವಾ. ಇವನ ಕಣ್ಣಿಗಿ ಏಳಲಿಲ್ಲ ಅಂದ್ರ ಯಾರ ಕಣ್ಣಿಗೂ ಏಳತಿದ್ದಿಲ್ಲ. ನನ್ನ ಕೈಯಾಗ ಕಲತವರೊಳಗ ಇವನಂಥಾವ ಇಲ್ಲ.”

ಕುಲ್ಸುಮ್ ಬೀ ಚಹಾ ತಂದಳು. ಸಂಘರತ್ನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದ. ಮೀನಾ ಯಾರಿಗೂ ಅಲ್ಲವೆಂಬಂತೆ ಹೇಳತೊಡಗಿದಳು: “ಹೆಸರು ನಮ್ಗೆ ಗೊತ್ತಿದೆ. ಅಜ್ಜಿ ಬಾಯಲ್ಲಿ ಕೇಳಿದ್ದು. ದಂಡೆಲಿ ಮೊದಲ್ನೇ ಜಾಗ ನಮ್ಮದು. ನಮ್ಮ ಅಜ್ಜನ ಅಜ್ಜ ಸಣ್ಣು, ಅವನ ಅಪ್ಪ ಬೊಮ್ಮ. ಪಕ್ಕದಲ್ಲಿ ನಾಗು. ಹೇಳಿದ್ರೆ ಸಾಹೇಬ್ರು ಬಾಯಿಮಾತು ನಡೆಯೂದಿಲ್ಲ ಅಂತ್ರು. ಕಾಗದದಲ್ಲಿ ಇರ್ಬೇಕಂತೆ.” ಚಹಾ ಅವನ ನಾಲಗೆಯನ್ನು ಸುಟ್ಟಿತು. ಇದ್ದವು. ಆ ಎರಡು ಹೆಸರು, ಅದೇ ಅನುಕ್ರಮದಲ್ಲಿ, ಕಾಗದದಲ್ಲಿ ಇದ್ದವು. ಈಗ ಅವು ಇರುವ ಜಾಗ ಜಗತ್ತಿನಲ್ಲಿ ಒಂದೇ, ತನ್ನ ತಲೆ. ಬಾಯಿ ತೆರೆದರೆ ಸಾಕಿತ್ತು. ಮಂಚದ ಮೇಲೆ ಉಸ್ತಾದರು ತಲೆ ಬಾಗಿಸಿ ಕೂತಿದ್ದರು, ಇವನಂಥವನಿಲ್ಲ ಎಂದ ಬಾಯಿ ಇನ್ನೂ ಸ್ವಲ್ಪ ತೆರೆದೇ ಇತ್ತು. ಅವರ ಎದುರು ಬೇಡ, ಹೊರಗೆ ಹೋದ ಮೇಲೆ ಹೇಳುತ್ತೇನೆ ಎಂದುಕೊಂಡ. ಹೊರಗೆ ಸಂದಿಯಲ್ಲಿ ಎಮ್ಮೆಗಳು ಎದುರಾದವು. ನಿಲ್ದಾಣದಲ್ಲಿ ಜನ ಬಹಳ. ಬಸ್ಸಿನಲ್ಲಿ ಅವಳಿಗೆ ಮುಂದೆ ಸೀಟು ಸಿಕ್ಕಿತು, ಇವನು ಹಿಂದೆ ನಿಂತ.

ಹುಮನಾಬಾದಿನಲ್ಲಿ ಇಳಿದಾಗ ಐದು ಗಂಟೆ. ಕಲಬುರಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಮಂಡಕ್ಕಿಯ ಸುಸಲಾ ಮತ್ತು ಮೆಣಸಿನಕಾಯಿ ಭಜಿ ಕೊಡಿಸಿದ. ಅವಳು ನಾಲ್ಕು ತುತ್ತು ತಿಂದು ಕಾಗದವನ್ನು ಮಡಿಚಿಟ್ಟು ವಕೀಲರಿಗೆ ಫೋನು ಮಾಡಿದಳು. ಕಿವಿ ಮಂದವೋ ಏನೋ, ಫೋನನ್ನು ಸ್ಪೀಕರಿಗೆ ಹಾಕಿದಳು. ನಿಲ್ದಾಣದ ಗದ್ದಲದ ನಡುವೆ ವಕೀಲರ ಮಾತು ತುಂಡು ತುಂಡಾಗಿ ಬಂತು. ಬರಿ ಸಣ್ಣ ಫೋಟೋದಿಂದ ಏನೂ ಆಗೂದಿಲ್ಲ. ಓದಿದವರೇ ಬಂದು, ಹಾಳೆಯಲ್ಲಿ ಹೆಸರು ಇತ್ತು, ನಾನು ಬಿಟ್ಟೆ ಅಂತ ಹೇಳಿದರೆ ತಡೆ ಸಿಗಬಹುದು. ಇಲ್ಲಾಂದ್ರೆ ಗುರುವಾರಕ್ಕೆ ಮುಗೀತು. ಫೋನು ಇಟ್ಟ ಮೇಲೆ ಅವಳು ಬಹಳ ಹೊತ್ತು ಎದುರಿನ ಬಸ್ಸಿನ ಚಕ್ರವನ್ನು ನೋಡುತ್ತ ಕೂತಳು.

“ಕೆಟ್ಟಹೋದ ಹಾಳೆ ಓದ್ಲಿಕ್ಕೆ ಹೊತ್ತು ಬಾಳ ಬೇಕೇನು?” ಎಂದಳು. ಆರೋಪವಿರಲಿಲ್ಲ. ಬೇರೆಯವರ ಕಸುಬಿನ ಕಷ್ಟ ವಿಚಾರಿಸುವ ದನಿ.

“ಹನ್ನೊಂದಕ್ಕ ಎರಡ ದಿನ ಹಿಡಿತಿತ್ರಿ,” ಎಂದ ಸಂಘರತ್ನ.

ಹೇಳಿದ್ದು ಅವನಿಗೇ ಕೇಳಿಸಿತು. ಅವಳು ನಿಧಾನವಾಗಿ ಈ ಕಡೆ ತಿರುಗಿದಳು. ಬೆಳಗಿನಿಂದ ಮೊದಲ ಸಲ ಅವನ ಮುಖವನ್ನು ಪೂರ್ತಿ ನೋಡಿದಳು.

“ಹಾಗಾರೆ ಓದ್ಲಿಕ್ಕೆ ಬರ್ತಿತ್ತು.”

“ಬರತಿತ್ರಿ.”

“ಎಂತಾದ್ರೂ ಓದಿದ್ರಾ?”

“ಸಣ್ಣು,” ಎಂದ. “ಸಣ್ಣು ಬಿನ್ ಬೊಮ್ಮ.”

ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಅವಳ ಕಾಲಿಗೆ ಬೀಳಬಹುದಿತ್ತು, ಅಥವಾ ಸಿಟ್ಟಾಗಬಹುದಿತ್ತು. ಅವಳು ಬಾಯಿಗೆ ಸೆರಗು ಹಿಡಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗಲ್ಲ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅಜ್ಜಿಯ ಬಾಯಲ್ಲಿ ಕೇಳಿದ ಹೆಸರನ್ನು ಐನೂರು ಕಿಲೋಮೀಟರು ದೂರದ ಅಪರಿಚಿತನ ಬಾಯಲ್ಲಿ ಕೇಳಿ ಅವಳಿಗೆ ಸಂತೋಷವಾಗಿತ್ತು. “ಬರೆದಿದ್ರು ಹಾಗಾರೆ,” ಎಂದಳು. “ಬರೆದಿದ್ರು.” ಆಮೇಲೆ, ಅವನ ಮೊಣಕೈ ಹಿಡಿದು, “ನೀವು ಗುರುವಾರ ಬನ್ನಿ. ಇಷ್ಟು ಹೇಳಿದ್ರೆ ಸಾಕು. ಬೈಯೂದು ಗಿಯ್ಯೂದು ಯಾರೂ ಮಾಡೂದಿಲ್ಲ. ನಮ್ಮನೇಲೇ ಉಳೀರಿ.”

“ಬರತೇನ್ರಿ,” ಎಂದ.

“ಖರೇ?”

“ಖರೇ ಬರತೇನ್ರಿ ಅಕ್ಕಾರ.”

ಅವಳು ಅವನ ನಂಬರನ್ನು ಬರೆದುಕೊಂಡು, ಎರಡು ಸಲ ಓದಿ ಸರಿನೋಡಿ ಬಸ್ಸು ಹತ್ತಿದಳು. ಕಿಟಕಿಯಿಂದ ಮತ್ತೆ, ಅಂಕೋಲೆಯ ಬಸ್ಸಿಗೆ ಹುಬ್ಬಳ್ಳಿಯಲ್ಲಿ ಯಾವ ಕಡೆ ನಿಲ್ಲಬೇಕು, ಎಲ್ಲಿ ಇಳಿಯಬೇಕು ಎಂದು ವಿವರವಾಗಿ ಹೇಳಿದಳು. ಅವನು ಪ್ರತಿಯೊಂದಕ್ಕೂ ಹೂಂ ಎಂದ. ಆ ಹೊತ್ತಿನಲ್ಲಿ ಅವನು ನಿಜವಾಗಿಯೂ ಹೋಗುವವನೇ ಇದ್ದ. ಮನೆಗೆ ನಡೆಯುವಾಗ ಮೈ ಹಗುರಾದಂತಿತ್ತು, ಜ್ವರ ಬಿಟ್ಟವನಂತೆ.

ಮಂಗಳವಾರ ಸಂಜೆ ಹೆಂಡತಿ ದ್ರೌಪತಿ ಎಂಟು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಕಚೇರಿಯ ಕೆಲಸ ಎಂದಷ್ಟೇ ಹೇಳಿದ್ದ. ನಿಲ್ದಾಣಕ್ಕೆ ಬಂದು ನಿಂತ. ಮೊದಲನೆಯ ಬಸ್ಸು ತುಂಬಿತ್ತು, ಬಿಟ್ಟ. ಎರಡನೆಯದರಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೂತ. ಅಧಿಕಾರಿಯ ಮುಂದೆ ನಿಂತು ಹೇಳುವ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದ. ನಾನು ಓದಬಲ್ಲವನಾಗಿದ್ದೆ, ಓದಲಿಲ್ಲ. ಸುಲಭವಾಗಿಯೇ ಇತ್ತು. ಆಮೇಲೆ ಅದು ಪತ್ರಿಕೆಯಲ್ಲಿ ಬಂದರೆ ಕುಲ್ಸುಮ್ ಬೀ ಅದನ್ನು ತಂದೆಗೆ ಓದಿ ಹೇಳುವುದು ಕಣ್ಣಿಗೆ ಕಟ್ಟಿತು. ಅವನು ಟೈಪು ಮಾಡಿದ ಸಾವಿರಾರು ಹಾಳೆಗಳು ನೆನಪಾದವು. ಬೇರೆ ಬೇರೆ ಜಿಲ್ಲೆಗಳವು, ಯಾವ ಯಾವುದರಲ್ಲಿ ಎಲ್ಲೆಲ್ಲಿ ಅವಸರ ಮಾಡಿದ್ದನೋ. ಒಂದು ಬಾಗಿಲು ತೆರೆದರೆ ಆ ಹಾಳೆಗಳಲ್ಲಿ ಹೆಸರು ತಪ್ಪಿದವರೆಲ್ಲ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಕಂಡಕ್ಟರ್ ಸೀಟಿ ಊದಿದ. ಸಂಘರತ್ನ ಎದ್ದು, ನೀರಿನ ಬಾಟಲಿ ಮರೆತೆ ಎಂದು ಪಕ್ಕದವನಿಗೆ ಹೇಳಿ, ಇಳಿದ. ಪಕ್ಕದವನು ಬಸ್ಸು ನಿಲ್ಲಿಸಿಕೊಳ್ಳುತ್ತೇನೆ ಎಂದ. ಬೇಡ ಎಂದ. ಮನೆಗೆ ಬಂದಾಗ ದ್ರೌಪತಿ ರೊಟ್ಟಿ ಬಿಚ್ಚಿದಳು. ಇಬ್ಬರೂ ಅದನ್ನೇ ಉಂಡರು.

ಗುರುವಾರ ಅವನು ಕಚೇರಿಗೆ ಎಂದಿಗಿಂತ ಮುಂಚೆ ಬಂದ. ಯಾವುದೋ ಮಠದ ಭೂಮಿಯ ಹಾಳೆಗಳು, ಅಕ್ಷರ ದುಂಡಗೆ, ಓದಲು ಏನೂ ತೊಂದರೆಯಿರಲಿಲ್ಲ. ಹನ್ನೊಂದೂಕಾಲಿಗೆ ಮೇಜಿನ ಮೇಲಿದ್ದ ಫೋನು ಹೊಡೆಯತೊಡಗಿತು. ಅವನು ಅದನ್ನು ಬೋರಲು ಹಾಕಿದ. ನಿಂತಿತು, ಮತ್ತೆ ಹೊಡೆಯಿತು. ಸಾಲಿನಲ್ಲಿದ್ದವರು ತಲೆಯೆತ್ತಿದರು. ಅಜೀತ ತನ್ನ ಕೋಣೆಯಿಂದಲೇ, “ಯಾರ್ರೀ ಕಾಕಾ? ಎತ್ತರಿ,” ಎಂದ.

“ಯಾರೂ ಅಲ್ಲಪಾ,” ಎಂದ ಸಂಘರತ್ನ.

ಮೂರನೆಯ ಸಲ ಬಹಳ ಹೊತ್ತು ಹೊಡೆಯಿತು. ಆಮೇಲೆ ಬರಲಿಲ್ಲ.